ಖಾಲಿ ಕಳಿಸದ ತಂಬಿಗೆ

ಅಂದು ಬೆಳಿಗ್ಗೆ ಸಂಡೂರಿನ ಮೇಲೆ ಬಿದ್ದ ಮಂಜು ಕುಮಾರಸ್ವಾಮಿ ಬೆಟ್ಟವನ್ನು ಇಡಿಯಾಗಿ ನುಂಗಿ, ಇನ್ನೂ ಹಸಿವು ತೀರದೆ ಓಣಿಗೆ ಇಳಿದಿತ್ತು. ಹಂಪಮ್ಮ ರಂಗೋಲಿ ಹಾಕುತ್ತಿದ್ದಳು. ಒಂದು ಎಳೆ ಎಳೆಯುವಷ್ಟರಲ್ಲಿ ಹಿಂದಿನ ಎಳೆ ಮಾಯ! ‘ನಿನಗೊಬ್ಬನಿಗೇ ಕಾಣೋದು ಸ್ವಾಮಿ, ನೀನೇ ಜೋಡಿಸಿಕೋ’ ಎಂದು ಬೆಟ್ಟ ಇರಬೇಕಾದ ದಿಕ್ಕಿಗೆ ಕೈಮುಗಿದು ಎದ್ದಳು.

"ಏ ಇವಳೇ, ಲಗೂನ ಬಾ! ಇತಿಹಾಸ ಶುರುವಾಗ್ತೈತಿ!" ಒಳಗಿನಿಂದ ಗಂಡ ಪಂಪಾಪತಿ ಕೂಗಿದ.

ಆ ಮನೆಯಲ್ಲಿ ಇತಿಹಾಸ ಆಗಾಗ ಶುರುವಾಗಿ ಸುಟ್ಟ ವಾಸನೆಯೊಂದಿಗೆ ಮುಗಿಯುತ್ತಿತ್ತು. ವಿಂಡೋಸ್ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರಿಗೆ ಅದರೊಳಗೆ ಕೂರಿಸುವ ಬಿಡಿಭಾಗ ಬರೆದುಕೊಡುವುದು ಪಂಪಾಪತಿಯ ಕಸುಬು. ಮನೆ ಕಟ್ಟುವವರು ಬಾಗಿಲನ್ನು ಬಡಗಿಯಿಂದ ತರುವಂತೆ, ಒಂದು ಕಂಪ್ಯೂಟರ್ ಇನ್ನೊಂದರ ಜೊತೆ ಮಾತಾಡುವ ಭಾಗವನ್ನು ಅವರು ಇವನಿಂದ ತರುತ್ತಿದ್ದರು.

ಈ ಸಲದ ಗಿರಾಕಿ ಹಂಪಮ್ಮನ ಸ್ವಂತ ತಂಗಿ ಹುಲಿಗೆಮ್ಮ. ರಾಯಚೂರಿನ ಹತ್ತಿ ಮಿಲ್ಲೊಂದಕ್ಕೆ ಅವಳು ಪ್ರೋಗ್ರಾಂ ಬರೆಯುತ್ತಿದ್ದಳು. ಗೇಟಿನಲ್ಲಿ ತೂಗಿದ ಲಾರಿಯ ತೂಕ ಸಾಹುಕಾರರ ಕೋಣೆಯಲ್ಲಿ ಕಾಣಬೇಕು. "ಸಂಡೂರಿಗೆ ಮುಟ್ಟಿಸಿ ತೋರಿಸಮ್ಮ. ಅಲ್ಲಿಗೆ ಮುಟ್ಟಿದ್ದು ನನ್ನ ಕೋಣೆಗೆ ಮುಟ್ಟದೆ ಎಲ್ಲಿ ಹೋದೀತು?" ಎಂದಿದ್ದರು ಸಾಹುಕಾರ ಅಮರಪ್ಪನವರು. ಮುಟ್ಟಿದರೆ ಕೆಲಸ ಅವಳದು. ಮುಟ್ಟದಿದ್ದರೆ ನಾಳೆ ಆ ಕುರ್ಚಿಯಲ್ಲಿ ಬೇರೆಯವರು.

ಹುಲಿಗೆಮ್ಮ ಭಾವನ ಜೊತೆ ಮಾತಾಡುತ್ತಿದ್ದಳೇ ಹೊರತು ಅಕ್ಕನ ಜೊತೆಗಲ್ಲ. ಯಾವುದೋ ದೀಪಾವಳಿಗೆ ಹಂಪಮ್ಮ ಸ್ಟೀಲ್ ಡಬ್ಬಿಯ ತುಂಬ ಕರ್ಜಿಕಾಯಿ ಕಳಿಸಿದ್ದಳು. ಡಬ್ಬಿ ವಾಪಸ್ ಬರಲಿಲ್ಲ. ಆಮೇಲೆ ತಂಗಿಯೂ ಬರಲಿಲ್ಲ. ಡಬ್ಬಿ ಇಟ್ಟುಕೋ, ನೀನು ಬಾ ಎನ್ನಲು ಹಂಪಮ್ಮನಿಗೆ ಬಿಗುಮಾನ.

ಒಳಗೆ ಕಂಪ್ಯೂಟರಿನ ಪಕ್ಕದಲ್ಲಿ, ಕೊರಳಿಗೆ ವೈರು ಸುತ್ತಿಕೊಂಡು ತಾಮ್ರದ ತಂಬಿಗೆಯೊಂದು ಕೂತಿತ್ತು.

"ಅಯ್ಯಯ್ಯ, ನನ್ನ ಪೂಜೆ ತಂಬಿಗೆ!"

"ಇದೂ ಪೂಜೆನೇ! ಅಕ್ಷರ ಅಷ್ಟೇ ಅಲ್ಲ, ಏನು ಕೊಟ್ರೂ ಹಿಡಿತೈತಿ, ಆ ಕಡೆಗೆ ಒಯ್ತೈತಿ. ಇದರ ಜೋಡಿ ಆಗಲೇ ಬಸ್ಸಿನಾಗ ರಾಯಚೂರಿಗೆ ಹೋಗೈತಿ."

"ಅದೂ ಹೋತಾ!"

ಫೋನಿನಲ್ಲಿ ಹುಲಿಗೆಮ್ಮನ ದನಿ ಬಂತು. "ಭಾವಾ, ಬಿಡಿಭಾಗ ಎದ್ದೇಳವಲ್ದು. ಏನೋ ಸಿಗಲಿಲ್ಲ ಅಂತೈತಿ."

"ನಮ್ಮಲ್ಲಿ ಚಲೋ ನಡೀತೈತಲ್ಲ!"

"ನಿಮ್ಮಲ್ಲಿ ನಡೆದ್ರ ಸಾಹುಕಾರ್ರು ಸಂಡೂರಿಗೇ ಬಂದು ಕುಂದ್ರಬೇಕೇನು?"

ಪಂಪಾಪತಿ ತಲೆ ಕೆರೆದುಕೊಂಡ. ಬಿಡಿಭಾಗ ಕಳಿಸಿದ್ದ, ಅದು ನೆಚ್ಚಿಕೊಂಡಿದ್ದ ಪುಟ್ಟ ಫೈಲನ್ನು ತನ್ನಲ್ಲೇ ಉಳಿಸಿಕೊಂಡಿದ್ದ. ಮದುಮಗನನ್ನು ಕಳಿಸಿ ತಾಳಿ ಮರೆತ ಹಾಗೆ! ಅದನ್ನೂ ಕಳಿಸಿದ್ದಾಯಿತು. ಈಗ ವಿಂಡೋಸಿನ ಕಾವಲುಗಾರ ಅಡ್ಡ ಬಂದು, ಇವರನ್ನು ಒಳಗೆ ಬಿಡಲೋ ಬೇಡವೋ ಎಂದು ಕೇಳಿದ.

"ಬಿಡು ಅನ್ನು ಹುಲಿಗೆಮ್ಮ. ಬೀಗರು ಅಂತ ಹೇಳು!"

ಬಿಟ್ಟ. ಲಾರಿಯ ತೂಕ ಸಂಡೂರಿನ ಪರದೆಯ ಮೇಲೆ ಮೂಡಿತು! ಪಂಪಾಪತಿ ಎದೆಯುಬ್ಬಿಸಿದ. "ನೋಡೀಗ. ಬೇರೆಯವರ ಬಿಡಿಭಾಗ ಆದ್ರ ‘ಮುಟ್ಟಿತು’ ಅಂತ ಒಂದು ಬರೇ ಉತ್ತರ ಒಗೀತೈತಿ. ಒಳಗ ಏನೂ ಇರಂಗಿಲ್ಲ, ಖಾಲಿ! ಬಂದ ಪಾತ್ರೆ ಖಾಲಿ ಕಳಿಸೋ ಮನೆತನ ಏನೇ ನಮ್ದು? ನನ್ನದು ಏನರ ಇಟ್ಟೇ ಕಳಿಸ್ತೈತಿ."

ಉತ್ತರದೊಳಗೆ ಹಂಪಮ್ಮನ ದಾಸವಾಳದ ಫೋಟೊ ಹೋಯಿತು. ಆದರೆ ರಾಯಚೂರಿನಲ್ಲೂ ಕೂತಿದ್ದು ಅದೇ ಬಿಡಿಭಾಗ, ಅದೇ ಮನೆತನದ್ದು. ದಾಸವಾಳ ಬಂದ ಮೇಲೆ ಖಾಲಿ ಕಳಿಸುವುದುಂಟೇ? ‘ಮುಟ್ಟಿತು’ ಎನ್ನುತ್ತ ಹತ್ತಿಯ ದರಪಟ್ಟಿ ಇಟ್ಟಿತು. ಇದು ಭಜನೆಯ ಹಾಡು ಕಳಿಸಿತು. ಅದು ಸಾಹುಕಾರರ ಮೊಮ್ಮಗನ ಜವಳದ ಫೋಟೊ ಕಳಿಸಿತು. ಪೂರ್ತಿ ಬೋಳು ತಲೆ!

ಎರಡೂ ಕಡೆ ಫೈಲುಗಳು ತೀರಿದವು. ತಂಬಿಗೆ ಒಮ್ಮೆ ಗುಂಯ್ ಎಂದು ಅತ್ತಿತ್ತ ತಡಕಾಡಿ, ಹಂಪಮ್ಮನ ಕೈಲಿದ್ದ ಚಹಾದ ಘಮವನ್ನು ಸೇದಿಕೊಂಡಿತು. ಉಳಿದದ್ದು ಕೆಂಪು ಬಿಸಿನೀರು. ಮರುಗಳಿಗೆ ಅದರ ಬಾಯಿಂದ ರಾಯಚೂರಿನ ಹತ್ತಿಯ ಎಳೆಗಳು ಮೇಲೆದ್ದು, ದಾರಿ ತಪ್ಪಿದ ಕೊಕ್ಕರೆಗಳಂತೆ ಕೋಣೆಯ ತುಂಬ ತೇಲಿದವು.

"ನಿಲ್ಲಿಸ್ರಿ!"

ಪಂಪಾಪತಿ ವೈರು ಕಿತ್ತ. ನಿಲ್ಲಲಿಲ್ಲ. ಮರ್ಯಾದೆಗೆ ವೈರಿನ ಹಂಗೆಲ್ಲಿ!

ಗುಡಿಯ ಗಂಟೆಯ ದನಿ ಹೋಯಿತು. ಗಂಟೆ ಆಡುತ್ತಿತ್ತು, ಸದ್ದಿಲ್ಲ. ಪಂಪಾಪತಿ ಆಕಳಿಸಲು ಬಾಯಿ ತೆರೆದ, ಆಕಳಿಕೆಯೂ ಹೋಯಿತು. ಕೊನೆಗೆ ಕಿಟಕಿಯಿಂದ ಮಂಜು ಒಳಗೆ ಬರತೊಡಗಿತು. ಅವಸರವಿಲ್ಲದೆ, ನೂಲಿನಂತೆ ಸಣ್ಣಗಾಗಿ, ಇಡೀ ಬೆಟ್ಟದ ಮಂಜು ತಂಬಿಗೆಯೊಳಗೆ ಸುತ್ತಿಕೊಂಡು ಇಳಿಯಿತು. ಹಂಪಮ್ಮ ತಡೆಯುವುದನ್ನೂ ಮರೆತು ನಿಂತಳು. ಪುರಾಣ ಕೇಳುತ್ತ ನಿದ್ದೆ ಬರುವ ಮುಂಚಿನ ಗಳಿಗೆ ಹೀಗೇ ಇರುತ್ತದೆ ಅನ್ನಿಸಿತು ಅವಳಿಗೆ. ಅಷ್ಟರಲ್ಲಿ ಅಂಗಳದ ಮೇಲೆ ರಾಯಚೂರಿನ ಬಿಸಿಲು ಧೊಪ್ಪನೆ ಬಿತ್ತು. ಅವಳು ಎಚ್ಚೆತ್ತು ಓಡಿದಳು, ಸಂಡಿಗೆ ಒಣಹಾಕಲು.

"ಭಾವಾ!" ಫೋನಿನಲ್ಲಿ ಹುಲಿಗೆಮ್ಮ ಅಳುವುದೊಂದು ಬಾಕಿ. "ಇಲ್ಲಿ ಲಾರಿಗೆ ಲಾರಿ ಕಾಣವಲ್ದು! ಹಮಾಲರೆಲ್ಲ ಆಕಳಿಸಿ ಆಕಳಿಸಿ ಹತ್ತಿ ಮ್ಯಾಲೆ ಮಲಗ್ಯಾರ! ಈ ಚಹಾ ಮುಗಿಯೋದ್ರೊಳಗ ಸರಿ ಆಗ್ಲಿಲ್ಲ ಅಂದ್ರ ಗಂಟು ಕಟ್ಟು ಅಂದಾರ ಸಾಹುಕಾರ್ರು!"

"ಒಂದು ಕಡೆಯವರು ಖಾಲಿ ಉತ್ತರ ಕಳಿಸಿದ್ರ ನಿಲ್ತೈತಿ," ಎಂದ ಪಂಪಾಪತಿ. "ನನ್ನ ಪರದೆ ಬಿಸಿಲಿಗೆ ಕಪ್ಪಾಗೈತಿ. ಬಿಡಿಭಾಗದಾಗ ‘ಖಾಲಿ ಸಲ್ಲದು’ ಅನ್ನೋ ಸಾಲೈತಿ, ನೀನೇ ಅಳಿಸವ್ವ."



"ಅಕ್ಕನ ಮನೆಗೆ ಖಾಲಿ ಹೆಂಗ ಕಳಿಸ್ಲಿ ಭಾವಾ? ಆ ಡಬ್ಬಿನೂ ಅದಕ್ಕೇ ಇಟಗೊಂಡು ಕುಂತೀನಿ. ಕೈಗೊಂದು ಕೆಲಸ ಹತ್ತಲಿ, ತುಂಬಿಸಿ ಕೊಡೋಣಂತ. ಹತ್ತಲಿಲ್ಲ. ಯಾವ ಮುಖ ಇಟಗೊಂಡು ಬರ್ಲಿ?"

ಸಂಡಿಗೆಯ ತಟ್ಟೆ ಹಿಡಿದೇ ಹಂಪಮ್ಮ ಒಳಗೆ ಬಂದಳು. ಫೋನ್ ಕಸಿದುಕೊಂಡಳು.

"ಹುಚ್ಚಿ! ಖಾಲಿ ಕಳಿಸು."

"ಅಕ್ಕಾ..."

"ಖಾಲಿನೇ ಕಳಿಸು ಅಂದ್ನಲ್ಲ. ನಾ ತಗೊಂತೀನಿ."

ಫೋನಿನಲ್ಲಿ ಆ ಕಡೆಯ ಕೀಲಿಮಣೆ ಟಕ್ ಎಂದಿತು. ತಂಬಿಗೆ ಬಿಕ್ಕಳಿಸಿತು. ಕಪ್ಪಾಗಿದ್ದ ಪರದೆಯ ಮೂಲೆಯಲ್ಲಿ ‘ಮುಟ್ಟಿತು’ ಎಂದಷ್ಟೇ ಬೆಳಗಿ ಆರಿತು. ಒಳಗೆ ಏನೂ ಇರಲಿಲ್ಲ. ಗುಡಿಯ ಕಡೆಯಿಂದ ಗಂಟೆ ಕೇಳಿಸಿತು.

ಮಂಜು ಮಾತ್ರ ಹಿಂದಿರುಗಲಿಲ್ಲ. ಮೂರು ಹಗಲು ರಾಯಚೂರು ಮಫ್ಲರ್ ಸುತ್ತಿಕೊಂಡು ಓಡಾಡಿತು. ಚಳಿಗೆ ಹಾಸಿಗೆ ಬಿಟ್ಟೇಳದ ಸಾಹುಕಾರರು ಅಲ್ಲಿಂದಲೇ ಹೇಳಿ ಕಳಿಸಿದರಂತೆ: "ಪ್ರೋಗ್ರಾಂ ಇರಲಿ, ಹುಡುಗಿನೂ ಇರಲಿ. ಹತ್ತಿ ಕುಡಿದ ಮಂಜಿನ ತೂಕ ಎಷ್ಟು ಅಂತ ಲೆಕ್ಕ ಹಾಕಿ ಕಳೆಯಲಿ."

ನಾಲ್ಕನೆಯ ದಿನ ಹುಲಿಗೆಮ್ಮ ಬಸ್ಸಿಳಿದು ಬಂದಳು. ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಅಕ್ಕನ ಕೈಯಲ್ಲಿಟ್ಟಳು.

ಪಂಪಾಪತಿ ಇಣುಕಿ ಮುಚ್ಚಳ ಎತ್ತಿದ. "ಏನೇ ಇದು, ಖಾಲಿ ಐತಲ್ಲ!"

"ಮುಟ್ಟಿತು ಅಂತ ರೀ," ಎಂದು ಹಂಪಮ್ಮ ಮುಚ್ಚಳ ಮುಚ್ಚಿದಳು.