ಬುತ್ತಿ ಕಟ್ಟಿಕೊಂಡು ಮದುವೆಗೆ ಬಂದ ನ್ಯಾಯಾಧೀಶರು

ನನ್ನ ಸೋದರಮಾವ ನಿಜಾಮರ ಸರಕಾರದಲ್ಲಿ ದೊಡ್ಡ ನ್ಯಾಯಾಧೀಶರು, ಕಾನೂನನ್ನು ಅರೆದು ಕುಡಿದವರು. ಆದರೆ ಊಟದ ಮರ್ಯಾದೆಯನ್ನು ಮಾತ್ರ ಅವರಿಗೆ ಯಾರೂ ಕಲಿಸಿರಲಿಲ್ಲ! ಮದುವೆಗೆ ಯಾರಾದರೂ ಬುತ್ತಿ ಕಟ್ಟಿಕೊಂಡು ಬರುತ್ತಾರೆಯೇ? ಇವರು ಬರುತ್ತಿದ್ದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ, ಒಂದು ಉಳ್ಳಾಗಡ್ಡಿ.

ನಿಲಂಗಾ, ಉಮರ್ಗಾ, ಉದಗೀರ, ಯಾವ ಅದಾಲತ್ತಿನಲ್ಲಿ ಕೂತರೂ ಆ ಸೀಮೆಯಲ್ಲಿ ಒಬ್ಬರ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ಕೇಳಿದರೆ, "ಇವತ್ತ ಬೀಗ ಅಂತ ಹೋಳಗಿ ನೀಡ್ತಾನ, ನಾಳಿ ಹೊಲದ ಬಾಂದಿನ ಜಗಳ ಹೊತ್ತು ನನ್ನ ಮುಂದ ನಿಂದರ್ತಾನ. ಆವಾಗ ನನ್ನ ಬಾಯಾಗ ಅವನ ತುಪ್ಪ ಇರಬೇಕೇನ್ರಿ?" ಅನ್ನುವರು. ನಮ್ಮ ಕಡೆ ಹೊಲದ ಗಡಿಯ ಈ ಬಾಂದಿನ ಜಗಳವಿಲ್ಲದ ಮನೆಯನ್ನು ಎಲ್ಲಿಂದ ತರೋಣ, ಹೇಳಿ!

ಒಮ್ಮೆ ಒಂದು ಮಠದಲ್ಲಿ ಅಯ್ಯನವರು ಪ್ರಸಾದವೆಂದು ಕೊಬ್ಬರಿ ಹೋಳು ಚಾಚಿದರು. ಇವರು ಕೈ ಹಿಂದಕ್ಕೆ ಕಟ್ಟಿಕೊಂಡು ಕೇಳಿದ್ದೇನು? "ಅಯ್ಯಾರ, ಮಠದ ಹೊಲದ್ದೇನರ ತಕರಾರು ಅದ ಏನ್ರಿ?" ಪ್ರಸಾದಕ್ಕೂ ವಿಚಾರಣೆ! ಕೂತವರೆಲ್ಲ ಕೆಂಡವಾದರು. ಅಯ್ಯನವರು ಮಾತ್ರ ಸದ್ದಿಲ್ಲದೆ ಹೋಳನ್ನು ಮತ್ತೆ ತಟ್ಟೆಗೆ ಹಾಕಿದರು. ತಕರಾರು ಇತ್ತು!

ಇದೆಲ್ಲ ನಗುವ ಮಾತು. ನನ್ನ ಮದುವೆಯಲ್ಲಿ ಆದದ್ದು ಹಾಗಲ್ಲ. ಮುರುಮ ಊರಿನ ನನ್ನ ಗಂಡನ ಮನೆಯವರ ಮೊಕದ್ದಮೆ ಇವರ ಮುಂದೆಯೇ ಇತ್ತು. ಮದುಮಗಳ ಸೋದರಮಾವ ಉಣ್ಣದಿದ್ದರೆ ಬೀಗರ ಮಾನ ಉಳಿಯುತ್ತದೆಯೇ? ತುಂಬಿದ ಪಂಕ್ತಿಯಲ್ಲಿ ಬುತ್ತಿ ಬಿಚ್ಚಿದರು, ಪುಣ್ಯಾತ್ಮರು! ನಾನು ನಾಚಿಕೆಯಿಂದ ಭೂಮಿಗಿಳಿದು ಹೋದೆ. ಸಾಲದ್ದಕ್ಕೆ, ಈಗ ಬೀಗತನವಾಯಿತೆಂದು ಆ ಮೊಕದ್ದಮೆಯನ್ನೂ ಬೇರೆ ನ್ಯಾಯಾಧೀಶರಿಗೆ ಒಪ್ಪಿಸಿಬಿಟ್ಟರು. ನನ್ನ ಗಂಡನ ತಾಯಿ, ನಮ್ಮ ಅತ್ತೆ, ಹಣೆ ಬಡಿದುಕೊಂಡರು: "ಉಣ್ಣಲಿಕ್ಕೂ ಒಲ್ಲ, ನ್ಯಾಯಾ ಮಾಡಲಿಕ್ಕೂ ಒಲ್ಲ! ಇಂಥಾ ಸ್ವಾದರಮಾವ ಯಾತಕ್ಕ ಬೇಕವ್ವಾ?"

ಅಂದಿನಿಂದ ರೊಟ್ಟಿ ಸೀದರೂ, ಎಮ್ಮೆ ಒದ್ದರೂ ಅತ್ತೆಯದು ಒಂದೇ ಮಾತು: "ನಿಮ್ಮ ಮಂದಿಗಿ ನಮ್ಮ ಮನಿ ಅನ್ನ ಸೇರಂಗಿಲ್ಲ." ವರ್ಷಗಟ್ಟಲೆ ಕೇಳಿದೆ. ತವರಿನ ಹೆಸರೆತ್ತಲೂ ಹೆದರಿಕೆ. ಈ ಮನುಷ್ಯ ಎದುರಿಗೆ ಸಿಕ್ಕರೆ ಏನೇನು ಅನ್ನಬೇಕೆಂದು ರೊಟ್ಟಿ ಬಡಿಯುತ್ತಲೇ ಜೋಡಿಸಿಟ್ಟಿದ್ದೆ.

ಒಂದು ಮಧ್ಯಾಹ್ನ ಬಾಗಿಲಲ್ಲಿ ಅವರೇ! ಬುತ್ತಿಯಿಲ್ಲ, ಕೈ ಖಾಲಿ.

"ಯವ್ವಾ, ನ್ಯಾಯಾಧೀಶನ ನೌಕರಿ ಮುಗೀತು. ಇನ್ನ ಹೈದರಾಬಾದಿನಾಗ ಹುಡುಗರಿಗಿ ಕಾನೂನು ಕಲಿಸ್ತೀನಿ. ಹಸಿವ್ಯಾಗ್ಯಾದ, ಊಟಕ್ಕ ನೀಡ್ತಿಯೇನು?"

"ಆ ಹುಡುಗರ ಮನ್ಯಾಗ ಉಣ್ಣಬಾರದೇನ್ರಿ?" ಎಂದು ಕುಟುಕಿದೆ.

"ಪರೀಕ್ಷಾ ಬರಿಯೋರ ಮನ್ಯಾಗ ಹ್ಯಾಂಗ ಉಣ್ಣಲಿ? ನೀ ಏನು ಪರೀಕ್ಷಾ ಬರಿಯಂಗಿಲ್ಲಲ್ಲ!"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ತಾಟು ತಂದಿಟ್ಟು, ಬಿಗಿದ ಮೋರೆಯಲ್ಲೇ ನೀಡಿದರು. ಸೋದರಮಾವ ಯಾವುದಕ್ಕೂ ಬೇಡವೆನ್ನಲಿಲ್ಲ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಅಂಟಿದ ಅಗುಳನ್ನು ಬೆರಳಿನಿಂದ ತೊಳೆದು, ನಮ್ಮ ಜನ ಮಠದಲ್ಲಿ ಪ್ರಸಾದದ ತಾಟು ತೊಳೆದು ಕುಡಿಯುವಂತೆ ಆ ನೀರನ್ನೂ ಕುಡಿದರು. ಆಮೇಲೆ ಅತ್ತೆಗೆ ಕೈಮುಗಿದು, "ಮದುವಿ ದಿನದ ಊಟರೀ ಇದು. ತಡಾ ಆತು, ತಪ್ಪು ತಿಳಕೋಬ್ಯಾಡ್ರಿ" ಎಂದರು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಜೋಡಿಸಿಟ್ಟ ಬೈಗುಳವೊಂದೂ ನನಗೆ ನೆನಪಾಗಲಿಲ್ಲ. ಒಲೆಯ ಮುಂದೆ ಕೂತು ಅತ್ತುಬಿಟ್ಟೆ.