ಎಮ್ಮೆಯಡಿಯ ಅಕ್ಷಾಂಶ

ಗುಮಾಸ್ತ ವರ್ಗಾವಣೆ ಕೇಳಲು ಸಾಹೇಬರ ಕೋಣೆಗೆ ಕಾಲಿಟ್ಟ ಗಳಿಗೆಯೇ ಸರಿಯಿರಲಿಲ್ಲ. ಹೆಂಡತಿ ಮಗಳು ಒಂದೂರಲ್ಲಿ, ಈ ಪುಣ್ಯಾತ್ಮ ಇನ್ನೊಂದೂರಲ್ಲಿ. ಮಗಳು ಫೋನಿನಲ್ಲಿ ಅಪ್ಪನನ್ನು 'ಅಂಕಲ್' ಎನ್ನತೊಡಗಿದ್ದಳು. ಸಾಹೇಬರು ಅಪರೂಪಕ್ಕೆ ನಕ್ಕರು.

"ಮಾಡಿಸೋಣ ಕಣ್ರೀ. ಮೊದಲು ಈ ಅಕ್ಷಾಂಶ ರೇಖಾಂಶಕ್ಕೆ ಹೋಗಿ, ನಮ್ಮ ಮಳೆಮಾಪನ ಕೇಂದ್ರದ ಮುಂದೆ ನಿಂತು ಫೋಟೋ ಕಳಿಸಿ. ಜಾಗ ಒಂದಡಿ ಆಚೀಚೆ ಆದ್ರೂ ಫೋನು ಒಪ್ಪಲ್ಲ."

ಬಸ್ಸಿಳಿದು ನಡೆದ. ಫೋನಿನ ಬಾಣಕ್ಕೆ ದಾರಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇಷ್ಟ. ಕೆಸರು ಚಪ್ಪಲಿ ನುಂಗಿತು, ಮುಳ್ಳುಬೇಲಿ ಪ್ಯಾಂಟು ಹರಿದುಹಾಕಿತು. ಹೊಲದಲ್ಲಿದ್ದ ಮುದುಕಿಯೊಬ್ಬಳು ಬೆನ್ನು ಹತ್ತಿದಳು.

"ಏನಪ್ಪಾ ಹುಡುಕ್ತಿದ್ದೀಯ?"

"ಒಂದು ಜಾಗ ಅಜ್ಜಿ."

"ಇಷ್ಟೊಂದು ಬಿದ್ದಿದೆಯಲ್ಲೋ, ಸಾಲ್ದಾ?"

ಕೊನೆಗೂ ಬಾಣ ನಿಂತಿತು. ಅಲ್ಲಿ ಮುದುಕಿಯ ಎಮ್ಮೆ ಮಲಗಿ ಮೆಲುಕು ಹಾಕುತ್ತಿತ್ತು. ಅವನು ಸಾಹೇಬರಿಗೆ ಫೋನು ಹಚ್ಚಿದ.

"ಸಾರ್, ಕೇಂದ್ರ ಇಲ್ಲ. ಎಮ್ಮೆ ಇದೆ."

"ಕಾಗದದ ಮೇಲೆ ಕಟ್ಟಿ ಯಾವ ಕಾಲವಾಯ್ತು! ಇಲ್ಲ ಅಂದ್ರೆ ನನ್ನ ಕೆಲಸವೂ ಹೋಗುತ್ತೆ, ನಿಮ್ಮ ವರ್ಗಾವಣೆಯೂ ಹೋಗುತ್ತೆ. ಏನಾದ್ರೂ ಮಾಡ್ರೀ."

ಆಫೀಸಿನ ಪೆನ್ನನ್ನೂ ಮನೆಗೆ ಒಯ್ಯದ ಮನುಷ್ಯ. ಆ ಪ್ರಾಮಾಣಿಕತೆಗೆ ಸಿಕ್ಕಿದ್ದೇನು, ಮಣ್ಣು! ಅವನಿಗೆ ರೋಸಿಹೋಯಿತು. ಮುದುಕಿ ಹಗ್ಗ ಜಗ್ಗಿದಳು, ಇವನು ಹಿಂದಿನಿಂದ ನೂಕಿದ. ಎಮ್ಮೆ ಎದ್ದಿತು, ಏಳುವಾಗ ಅವನ ಅಂಗಿಯನ್ನೂ ಸೆಗಣಿಯಿಂದ ಸಾರಿಸಿತು. ಆ ಜಾಗದಲ್ಲಿ ಅವನೇ ನೆಟ್ಟ ಒಂದು ಗೂಟ, ಅದರ ಮೇಲೆ ತಗಡಿನ ಡಬ್ಬಿ, ಪಕ್ಕದಲ್ಲಿ ಹಲಗೆಯ ಮೇಲೆ ಇದ್ದಿಲಲ್ಲಿ 'ಮಳೆಮಾಪನ ಕೇಂದ್ರ'. ಅದರ ಮುಂದೆ ನಿಂತು ತೆಗೆದ ಫೋಟೋವನ್ನು ಫೋನು ಒಪ್ಪಿತು. ಅವನು ಆಗಲೇ ಹೆಂಡತಿಗೆ, "ಊರಿಗೆ ಬಂದೆ ಅಂತಲೇ ಇಟ್ಕೋ" ಎಂದುಬಿಟ್ಟ.

ಮುದುಕಿಯ ತೊಟ್ಟಿಯಲ್ಲಿ ಅಂಗಿ ಒಗೆಯುತ್ತಿದ್ದಾಗ ಸಾಹೇಬರ ಫೋನು ಬಂತು.

"ಶಭಾಷ್ ಕಣ್ರೀ! ಮೇಲಿನವರು ಫೋಟೋ ನೋಡಿ, ಇಂಥ ಕೇಂದ್ರಕ್ಕೆ ಒಬ್ಬ ಸಿಬ್ಬಂದಿಯೂ ಇಲ್ವಾ ಅಂದ್ರು. ನಿಮ್ಮ ಅರ್ಜಿ ಎದುರಿಗೇ ಇತ್ತು. ಅಲ್ಲಿಗೇ ಆರ್ಡರ್ ಆಯ್ತು."

"ಸಾರ್! ಇಲ್ಲಿ ಏನೂ ಇಲ್ಲ ಅಂತ ನಿಮಗೇ ಗೊತ್ತಲ್ಲ!"

"ಹಾಗನ್ನಬೇಡಿ. ಇದೆ ಅಂತ ಅದರ ಮುಂದೆ ನಿಂತು ಹಲ್ಲು ಕಿರಿದಿರೋರು ನೀವೇ."

ಫೋನು ಇಡುವಷ್ಟರಲ್ಲಿ ಹೆಂಡತಿ ಕರೆದಳು. ಅವನು ನಡೆದದ್ದನ್ನೆಲ್ಲ ಹೇಳಿದ.

"ಹೋಗಲಿ ಬಿಡಿ, ನಾವೇ ಅಲ್ಲಿಗೆ ಬರ್ತೀವಿ. ಆಫೀಸಿನ ಹತ್ರ ಮನೆ ಸಿಗುತ್ತಾ?"

"ಮೊದಲು ಆಫೀಸು ಸಿಗಲಿ ಕಣೇ," ಎಂದ ಗುಮಾಸ್ತ.