ಕಾಕಾ ಕೊಂಡ ನಾಲ್ಕು ಗಾಲಿಯ ಮನೆ

ಹೈದರಾಬಾದಿನಲ್ಲಿ ಜಾಗದ ಬೆಲೆ ಮುಗಿಲು ಮುಟ್ಟಿದ್ದಕ್ಕೆ ಎಲ್ಲರೂ ಸಾಫ್ಟ್‌ವೇರ್ ಕಂಪನಿಗಳನ್ನು ದೂರುತ್ತಾರೆ. ಪಾಪ, ಅವುಗಳದೇನು ತಪ್ಪು? ಬೆಲೆ ಏರಿಸಿದವರು ನಮ್ಮ ಕಾಕಾ! ಅವರು ನೋಡಿ ಬೇಡವೆಂದ ಜಾಗ ಉದ್ಧಾರವಾಗದೆ ಉಳಿದದ್ದೇ ಇಲ್ಲ.

ಮಾದಾಪುರದ ಕಡೆ ಬರೀ ಬಂಡೆಗಳಿದ್ದ ಕಾಲದಲ್ಲಿ ಯಾರೋ ಅವರಿಗೊಂದು ಪ್ಲಾಟು ತೋರಿಸಿದ್ದರು. ಕಾಕಾ ಅಬಿಡ್ಸ್‌ನ ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವರು. ತಪ್ಪು ಹುಡುಕುವುದಕ್ಕೇ ಸಂಬಳ ತಿನ್ನುವ ಮನುಷ್ಯ ಪ್ಲಾಟನ್ನು ಸುಮ್ಮನೆ ಬಿಟ್ಟಾರೆಯೇ? ಬಂಡೆಗಳ ಸುತ್ತ ಒಂದು ಸುತ್ತು ಹಾಕಿ, "ಇಲ್ಲಿ ನರಿ ಸಂಸಾರ ಮಾಡಬೇಕು, ಮನಷ್ಯಾರಲ್ಲ" ಎಂದು ತಿರುಗಿ ಬಂದರು. ನಾಲ್ಕೈದು ವರ್ಷಕ್ಕೆ ಅಲ್ಲಿ ಗಾಜಿನ ಕಟ್ಟಡ ಎದ್ದಿತು. ಕೊಂಡಾಪುರದ ಜಾಗ ನೋಡಿ, ಬಸ್ಸು ಬರುವುದಿಲ್ಲವೆಂದು ಮೂಗು ಮುರಿದರು. ಆಮೇಲೆ ಅಲ್ಲಿಗೆ ಬಂದ ಬಸ್ಸಿಗೆ ನಿಲ್ಲಲು ಜಾಗವಿರಲಿಲ್ಲ!

ಈ ಕಥೆಗಳನ್ನು ಹೇಳಿಕೊಂಡು ನಾವೆಲ್ಲ ನಗುತ್ತಿದ್ದೆವು. ನಗದೆ ಇದ್ದವರು ಕಾಕಾನ ಹೆಂಡತಿ, ನಮ್ಮ ಕಾಕು ಒಬ್ಬರೇ. ಮದುವೆಯಾಗಿ ಗುಲ್ಬರ್ಗಾದಿಂದ ಬಂದ ಮೇಲೆ ಹನ್ನೊಂದು ಬಾಡಿಗೆ ಮನೆ ಕಂಡ ಜೀವ ಅದು. ಆಕೆಗಿದ್ದ ಆಸೆ ಎರಡೇ. ತನ್ನದು ಅನ್ನುವ ಒಂದು ಮನೆ. ಮತ್ತೆ, ತನ್ನ ಕರ್ನಾಟಕವನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡುವುದು.

ನಿವೃತ್ತರಾದ ಕಾಕಾ ಎರಡು ಆಸೆಗಳನ್ನೂ ಕೂಡಿಸಿ ಒಂದು ವ್ಯಾನು ಕೊಂಡರು!

ಸಾಫ್ಟ್‌ವೇರ್ ಕಂಪನಿಯೊಂದು ತನ್ನ ನೌಕರರನ್ನು ಹೊತ್ತು ಹೊತ್ತು ಸುಸ್ತು ಮಾಡಿ ಮಾರಿದ್ದ ವ್ಯಾನು. ಸೀಟು ಕಿತ್ತು ಮಂಚ ಹಾಕಿಸಿದರು. ಬೇಗಂ ಬಜಾರಿನಿಂದ ಸ್ಟೋವು, ಡಬ್ಬಿ, ಕೊಡ, ಬಕೆಟ್ಟು ಎಲ್ಲ ಬಂದವು. ಕಿಟಕಿಗೆ ಕಾಕುವಿನ ಹಳೆಯ ಇಳಕಲ್ ಸೀರೆಯ ಪರದೆ. ಹಿಮಾಯತ್‌ನಗರದ ನಮ್ಮ ಗಲ್ಲಿಯವರೆಲ್ಲ ಹತ್ತಿ ಇಳಿದು ಹೊಗಳಿದ್ದೇ ಹೊಗಳಿದ್ದು. ಕಾಕಾ ಮಾತ್ರ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

"ಗಾಡಿ ಚಂದ ಐತ್ರಿ," ಅಂದರು ಕಾಕು.

ಗಾಡಿ! ಕಾಕಾನ ಮುಖ ಸಣ್ಣದಾಯಿತು. ಹನ್ನೊಂದು ಬಾಡಿಗೆ ಮನೆಗಳಲ್ಲೂ ಮೊದಲ ದಿನ ಹಾಲು ಉಕ್ಕಿಸಿದ್ದ ಕಾಕು, ಸ್ವಂತ ವ್ಯಾನಿನಲ್ಲಿ ಚಹಾ ಕಾಸಿ ಕೈತೊಳೆದುಕೊಂಡರು.

ಹೊರಟ ದಿನ ಊರು ದಾಟುವುದರೊಳಗೇ ಒಂದು ರಾದ್ಧಾಂತ. ಸಿಗ್ನಲ್ಲಿನಲ್ಲಿ ನಿಂತಾಗ ಕೊರಳಿಗೆ ಕಾರ್ಡು ತೂಗಿಸಿಕೊಂಡ ಇಬ್ಬರು ಹುಡುಗರು ಅರೆನಿದ್ದೆಯಲ್ಲಿ ಬಾಗಿಲು ತೆಗೆದು ಹತ್ತಿ, ಮಂಚದ ಮೇಲೆ ಕೂತು ಕಣ್ಣು ಮುಚ್ಚಿದರಂತೆ. ಕಂಪನಿಯ ವ್ಯಾನೆಂದು ಅವರ ಲೆಕ್ಕ. ಹಸಿದ ಮುಖ ಕಂಡರೆ ಕಾಕು ಸುಮ್ಮನಿರುವ ಪೈಕಿಯೇ? ಮಂಡಕ್ಕಿ ಸೂಸ್ಲಾ ತಿನ್ನಿಸಿ, ಚಹಾ ಕುಡಿಸಿ, ಆಫೀಸಿನ ಮುಂದೆ ಇಳಿಸಿಯೇ ಮುಂದೆ ಹೋದದ್ದು. ಇಳಿಯುವಾಗ ಒಬ್ಬ, ನಾಳೆಯೂ ಇದೇ ವ್ಯಾನು ಬರುತ್ತದೆಯೇ ಎಂದು ಆಸೆಯಿಂದ ಕೇಳಿದನಂತೆ!

ಕಾಕಾ ಗಾಡಿ ಕಲಿತದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಅವರ ವೇಗಕ್ಕೆ ಎತ್ತಿನಗಾಡಿಯವರೂ ಹಿಂದೆ ನಿಂತು ಬೇಸರಪಟ್ಟಿರಬೇಕು. ಅದಕ್ಕಿಂತ ದೊಡ್ಡ ತೊಂದರೆ, ಜೀವಮಾನವಿಡೀ ಬಾಡಿಗೆದಾರರಾಗಿದ್ದ ಗಂಡಹೆಂಡತಿಗೆ ಎಲ್ಲಿ ನಿಂತರೂ ಮೊದಲು ಮಾಲಕರನ್ನು ಹುಡುಕುವ ಚಟ. ಬೇವಿನ ಮರದ ಕೆಳಗೆ ನಿಲ್ಲಿಸಿದರೆ ಮರ ಯಾರದು, ಹೊಳೆದಂಡೆಯಲ್ಲಿ ನಿಲ್ಲಿಸಿದರೆ ದಂಡೆ ಯಾರದು! ಬಿಜಾಪುರದಲ್ಲಿ ಗೋಳಗುಮ್ಮಟದ ಎದುರು ನಿಲ್ಲಿಸಿ, ಅಲ್ಲಿನ ಕಾವಲುಗಾರನನ್ನು ಕಾಕಾ ವಿನಯದಿಂದ ಕೇಳಿದರಂತೆ, "ಇಲ್ಲಿ ಮಾಲಕ್ರು ಯಾರ್ರಿ? ಒಂದು ಮಾತು ಕೇಳಿ ಗಾಡಿ ಹಚ್ಚತೀವಿ."

ಅವನು ಗಂಭೀರವಾಗಿಯೇ ಹೇಳಿದ, "ಒಳಗ ಮಲಗ್ಯಾರ್ರಿ. ಮುನ್ನೂರು ವರ್ಷದ ಮ್ಯಾಲಾತು. ಹೋಗಿ ಎಬ್ಬಿಸ್ರಿ."

ಐಹೊಳೆ ನೋಡಿದರು, ಬಾದಾಮಿ ನೋಡಿದರು. ಕಾರವಾರದಲ್ಲಿ ಸಮುದ್ರ ಕಂಡು ಕಾಕು ಅರ್ಧ ದಿನ ನೀರು ಬಿಟ್ಟು ಮೇಲೆ ಬರಲಿಲ್ಲವಂತೆ. ಆದರೆ ಎಲ್ಲ ಕಡೆಯಿಂದಲೂ ಕಾಕಾ ಎಸ್‌ಟಿಡಿ ಬೂತು ಹುಡುಕಿ ನನಗೆ ಕೊಡುತ್ತಿದ್ದ ವರದಿಯಲ್ಲಿ ಗುಡಿ ಗೋಪುರಗಳ ಸುದ್ದಿ ಕಡಿಮೆ.

"ತಮ್ಮಾ, ನಿನ್ನ ಕಾಕು ಇನ್ನೂ ಗಾಡಿ ಅಂತನ ಅನ್ನಾಕತ್ತಾಳ. ಸೀರಿ ಟ್ರಂಕಿನಾಗಿಂದ ಹೊರಗ ತಗದಿಲ್ಲ. ಬಸ್ಸಿನಾಗ ಕುಂತಂಗ ಕುಂತಾಳ."

ನಾನು ಏನೋ ತಮಾಷೆ ಮಾಡಿದೆ. ಕಾಕಾ ನಗದೆ, "ಆ ಬಂಡೆಗಲ್ಲಿನ ಜಾಗ ತಗೋಬೇಕಿತ್ತು ನಾನು," ಅಂದರು. ಇಷ್ಟು ವರ್ಷದಲ್ಲಿ ಕಾಕಾ ತಮ್ಮದೇ ತಪ್ಪನ್ನು ಗುರುತು ಹಾಕಿದ್ದು ಅದೇ ಮೊದಲು.

ಮುಂದಿನದನ್ನು ನನಗೆ ಹೇಳಿದವರು ಕಾಕು. ತಿರುಗಿ ಬರುವಾಗ, ಲಿಂಗಸುಗೂರು ದಾಟಿದ ಮೇಲೆ, ಮಟಮಟ ಮಧ್ಯಾಹ್ನ. ಊಟಕ್ಕೆಂದು ನಿಲ್ಲಿಸಿದ್ದರು. ರಸ್ತೆಯ ಬದಿಯಲ್ಲಿ ಕೂಸನ್ನು ಸೊಂಟಕ್ಕೇರಿಸಿಕೊಂಡ ಒಬ್ಬ ಹೆಣ್ಣುಮಗಳು ಹೈದರಾಬಾದಿನ ಬಸ್ಸಿಗೆ ಕಾಯುತ್ತಿದ್ದಳು. ಗಂಡ ಅಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಆರು ತಿಂಗಳಾಗಿತ್ತಂತೆ. ನೆರಳೆಂಬುದು ಎಲ್ಲೂ ಇಲ್ಲ. ಹತ್ತಿರ ಬಂದು, ಪರದೆ, ಸ್ಟೋವು, ಮಂಚ ಎಲ್ಲ ನೋಡಿ ಕೇಳಿದಳು, "ಯವ್ವಾ, ನಿಮ್ಮ ಮನಿ ನೆಳ್ಳಿಗೆ ಒಂದೀಟು ಕುಂದರ್ಲೇನ್ರಿ?"

ಕಾಕು ಅಭ್ಯಾಸಬಲದಿಂದ, ಮಾಲಕರು ಯಾರೆಂದು ಹಿಂದೆ ತಿರುಗಿ ನೋಡಿದರಂತೆ. ಹಿಂದೆ ಯಾರೂ ಇರಲಿಲ್ಲ.

"ಹೊರಗ್ಯಾಕವ್ವ, ಒಳಗ ಬಾ," ಅಂದರು. ಕೂಸನ್ನು ಮಂಚದ ಮೇಲೆ ಮಲಗಿಸಿದರು. ಟ್ರಂಕು ತೆಗೆದು, ಮಡಿಕೆ ಮುರಿಯದ ಒಂದು ಸೀರೆಯನ್ನೇ ಹೊದಿಸಿದರು. ಅಷ್ಟರಲ್ಲಿ ನೀರಿನ ಕೊಡ ಹಿಡಿದು ಕಾಕಾ ಹತ್ತಲು ಬಂದರು. ಕಾಕು ಬಾಗಿಲಲ್ಲಿ ಅಡ್ಡ ನಿಂತು ಗದರಿದರು, "ಚಪ್ಲಿ ಹೊರಗ ಬಿಟ್ಟು ಬರ್ರಿ. ಮನಿ ಐತಿ ಇದು."

ಆ ಹೆಣ್ಣುಮಗಳನ್ನೂ ಕೂಸನ್ನೂ ಕೂಡಿಸಿಕೊಂಡೇ ಅವರು ಹೈದರಾಬಾದಿಗೆ ಬಂದರು. ನಮ್ಮ ಗಲ್ಲಿಯಲ್ಲಿ ವ್ಯಾನು ನಿಂತಾಗ, ಕಾಕಾ ಬಿಸಿ ನೆಲದ ಮೇಲೆ ಬರಿಗಾಲಲ್ಲಿ ಕುಣಿಯುತ್ತ ಇಳಿದರು. ಚಪ್ಪಲಿ ಎಲ್ಲಿ ಎಂದು ಕೇಳಿದೆ.

ಕಾಕಾ ಒಮ್ಮೆ ಒಳಗಿದ್ದ ಕಾಕುವಿನ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದರು, "ಮನಿ ಮುಂದ ಬಿಟ್ಟಿದ್ದೆ, ತಮ್ಮಾ. ಮನಿ ಹೊಂಟಾಗ ನೆನಪಾಗಲಿಲ್ಲ."